ಟೂಸಾನ್ ಹಿತ್ತಲಲ್ಲಿ ಒಂದು ಕೊರಬಾಡು ಪೆಟ್ಟಿಗೆ

ದನದ ಮಾಂಸವನ್ನು ಮೂರು ಸಲ ಒಣಗಿಸಿದೆ. ಮೊದಲನೆಯದು ಕಸದ ಡಬ್ಬಿಗೆ ಹೋಯಿತು. ಎರಡನೆಯದು ಬಾಯಿಗಿಡಲಾಗದಷ್ಟು ಉಪ್ಪಾಯಿತು. ಮೂರನೆಯದನ್ನು ತಿಂದೆವು, ಪಕ್ಕದ ಮನೆಗೂ ಕೊಟ್ಟೆವು. ಈ ನಡುವೆ ಒಣಗಿಸುವ ಪೆಟ್ಟಿಗೆಯನ್ನು ಎರಡು ಸಲ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಯಾರಾದರೂ ಇದೇ ಕೆಲಸಕ್ಕೆ ಕೈ ಹಾಕುವುದಾದರೆ ನನ್ನ ತಪ್ಪುಗಳನ್ನು ಬಿಟ್ಟು ಹೊಸ ತಪ್ಪು ಮಾಡಲಿ ಅಂತ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಮಾಡಲು ಹೊರಟದ್ದು ಮಚಾಕಾ. ಸ್ಪ್ಯಾನಿಷ್‌ನಲ್ಲಿ ಮಚಾಕಾರ್ ಅಂದರೆ ಕುಟ್ಟುವುದು, ಜಜ್ಜುವುದು. ದನದ ಮಾಂಸಕ್ಕೆ ಉಪ್ಪು ಹಚ್ಚಿ, ಒಣಗಿಸಿ, ಕುಟ್ಟಿ, ಎಳೆಎಳೆಯಾಗಿ ಬಿಡಿಸಿದರೆ ಅದು ಮಚಾಕಾ. ಅದನ್ನು ಈರುಳ್ಳಿ, ಟೊಮೆಟೊ, ಹಸಿಮೆಣಸಿನ ಜೊತೆ ಹುರಿದು ಮೊಟ್ಟೆ ಒಡೆದು ಹಾಕಿದರೆ ಮಚಾಕಾ ಕೋನ್ ವೇವೋ. ಇಲ್ಲಿನ, ಅಂದರೆ ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಊರಿನ ಬೆಳಗಿನ ತಿಂಡಿ. ಮೈದಾ ಟೊರ್ಟಿಯಾದಲ್ಲಿ, ಅಂದರೆ ತೆಳು ರೊಟ್ಟಿಯಲ್ಲಿ, ಸುತ್ತಿ ಕೊಟ್ಟರೆ ಬುರ್ರೋ. ದಕ್ಷಿಣ ಅರಿಜೋನಾದ ಹಳಬರು ಬುರ್ರಿಟೋ ಅನ್ನುವುದಿಲ್ಲ, ಬುರ್ರೋ ಅಂತಲೇ ಹೇಳುತ್ತಾರೆ.

ನಾನು ಟೂಸಾನ್‌ಗೆ ಬಂದು ನಾಲ್ಕು ವರ್ಷ. ಊರು ಕೋಲಾರದ ಕಡೆ. ಮೊದಲ ಸಲ ಇಲ್ಲಿ ಮಚಾಕಾ ತಿಂದಾಗ ಎರಡನೇ ತುತ್ತಿಗೇ ಅನಿಸಿತು, ಇದು ನನ್ನ ಅಜ್ಜಿಯ ಕೊರಬಾಡು ಅಲ್ವಾ? ಅಜ್ಜಿ ಮಾಂಸವನ್ನು ಉದ್ದುದ್ದ ಸೀಳಿ, ಉಪ್ಪು ಅರಿಶಿನ ಹಚ್ಚಿ, ಸೂರಿನ ಕೆಳಗೆ ಹಗ್ಗ ಕಟ್ಟಿ ನೇತು ಹಾಕುತ್ತಿದ್ದಳು. ಕಾಗೆ ಓಡಿಸುವುದು ನನ್ನ ಕೆಲಸ. ಒಣಗಿದ್ದನ್ನು ಕೆಂಡದ ಮೇಲೆ ಸುಟ್ಟು ಜಜ್ಜಿ ಕೊಟ್ಟರೆ ಮುದ್ದೆಗೆ ಬೇರೇನೂ ಬೇಡ. ಶಾಲೆಯಲ್ಲಿ ಮಾತ್ರ ಅದರ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ಯಾಕೆ ಅಂತ ಗೊತ್ತಿರುವವರಿಗೆ ಗೊತ್ತು. ಇಲ್ಲಿ ಅದೇ ಒಣ ಮಾಂಸಕ್ಕೆ ಜನ ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ.

ಇದು ಈ ಊರಿನದೇ ತಿಂಡಿ, ಎಲ್ಲಿಂದಲೋ ಬಂದು ಸೇರಿದ್ದಲ್ಲ. ಟೂಸಾನ್ 1854ರ ತನಕ ಮೆಕ್ಸಿಕೋದ ಸೊನೋರಾಕ್ಕೆ ಸೇರಿತ್ತು. ಅಮೆರಿಕ ಮೆಕ್ಸಿಕೋದಿಂದ ಈ ನೆಲ ಕೊಂಡ ಗ್ಯಾಡ್ಸ್‌ಡೆನ್ ಖರೀದಿಯಲ್ಲಿ ಗಡಿ ಜರುಗಿತು, ಅಡುಗೆ ಇದ್ದಲ್ಲೇ ಉಳಿಯಿತು. ದನ ಮತ್ತು ಗೋಧಿ ಈ ಭಾಗಕ್ಕೆ ನೆಲೆಯಾಗಿ ಬಂದದ್ದು 1687ರಲ್ಲಿ ಇಲ್ಲಿಗೆ ಬಂದ ಕಿನೋ ಎಂಬ ಜೆಸ್ವಿಟ್ ಪಾದ್ರಿಯ ಕಾಲದಲ್ಲಿ. ಒಂದು ದನ ಕೊಯ್ದರೆ ನೂರಾರು ಕೆಜಿ ಮಾಂಸ, ಹೊರಗೆ ನಲವತ್ತು ಡಿಗ್ರಿ ಬಿಸಿಲು, ಐಸ್ ಇಲ್ಲ. ಇನ್ನೇನು ಮಾಡುತ್ತಾರೆ? ಸೀಳಿ ತಂತಿಗೆ ಹಾಕುತ್ತಾರೆ. ಇಲ್ಲಿ ಅದಕ್ಕೆ ಕಾರ್ನೆ ಸೆಕಾ ಅಂತಲೂ ಹೆಸರು, ಅಂದರೆ ಒಣ ಮಾಂಸ. ಪೂರ್ವಕ್ಕೆ ಮೆಕ್ಸಿಕೋದ ನ್ಯೂವೋ ಲಿಯೋನ್ ರಾಜ್ಯಕ್ಕೆ ಹೋದರೆ ಇದೇ ತಿಂಡಿ ಮಚಕಾದೋ ಆಗುತ್ತದೆ. ಮೊಂಟೆರೇ ಹತ್ತಿರದ ಸಿಯೆನೆಗಾ ದೆ ಫ್ಲೋರೆಸ್ ಎಂಬ ಊರಿನವರು ಅದು ತಮ್ಮದೇ ಅನ್ನುತ್ತಾರೆ. ಸೊನೋರಾದವರ ಮುಂದೆ ಈ ಮಾತು ಎತ್ತಬೇಡಿ.

ಟೂಸಾನ್‌ನಲ್ಲಿ ಎಲ್ ಚಾರೋ ಅಂತ ಒಂದು ಹೋಟೆಲ್ ಇದೆ. ಮೋನಿಕಾ ಫ್ಲಿನ್ ಎಂಬ ಹೆಂಗಸು 1922ರಲ್ಲಿ ಶುರು ಮಾಡಿದ್ದು. ಅವರು ಮಾಂಸವನ್ನು ಛಾವಣಿಯ ಮೇಲೆ ಒಂದು ಪಂಜರದಲ್ಲಿಟ್ಟು ಒಣಗಿಸುವುದಕ್ಕೆ ಹೆಸರುವಾಸಿ. ಪಂಜರ ಅನ್ನುವ ಪದ ತಲೆಯಲ್ಲಿ ಕೂತುಬಿಟ್ಟಿತು. ಈಗ ಬೇರೆ ಸುಮಾರು ಹೋಟೆಲ್‌ಗಳಲ್ಲಿ ಮಚಾಕಾ ಅಂತ ಕೊಡುವುದು ಬೇಯಿಸಿ ಬಿಡಿಸಿದ ಮಾಂಸ, ಒಣಗಿಸಿದ್ದೇ ಅಲ್ಲ. ಅದೂ ಚೆನ್ನಾಗಿರುತ್ತದೆ. ಆದರೆ ನನಗೆ ಬೇಕಿದ್ದ ವಾಸನೆ ಅದರಲ್ಲಿ ಇಲ್ಲ.

ಪೆಟ್ಟಿಗೆ, ಮೊದಲ ಸಲ

ಏಪ್ರಿಲ್ ಕೊನೆಯ ಶನಿವಾರ. ಅಳತೆ ಹೀಗೆ ಹಾಕಿಕೊಂಡೆ: ಎತ್ತರ 30 ಅಂಗುಲ, ಅಗಲ 24, ಆಳ 18. ಪೈನ್ ಮರದ ಒಂದಕ್ಕೆ ಎರಡು ಅಂಗುಲದ ಪಟ್ಟಿ, ಎಂಟಡಿ ಉದ್ದದ್ದು. ಕಾಗದದ ಮೇಲೆ ಲೆಕ್ಕ ಮಾಡಿದರೆ ಒಂದೊಂದು ಅಳತೆಗೆ ನಾಲ್ಕು ತುಂಡಿನಂತೆ ಒಟ್ಟು 288 ಅಂಗುಲ, ಅಂದರೆ ಸರಿಯಾಗಿ ಮೂರು ಪಟ್ಟಿ. ಒಂದಿಂಚೂ ದಂಡವಿಲ್ಲ. ಎಷ್ಟು ಜಾಣ ಅಂದುಕೊಂಡೆ.

ಗರಗಸ ತಿನ್ನುವ ಮರವನ್ನು ಮರೆತಿದ್ದೆ. ಒಂದೊಂದು ಕೊಯ್ತಕ್ಕೆ ಮೂರು ಮಿಲಿಮೀಟರ್ ಪುಡಿಯಾಗಿ ಹೋಗುತ್ತದೆ. ಪಟ್ಟಿಗೆ ಮೂರು ಕೊಯ್ತ. ಹಾಗಾಗಿ ಪ್ರತಿ ಪಟ್ಟಿಯ ಕೊನೆಯ ತುಂಡು ಹೆಚ್ಚೂಕಮ್ಮಿ ಒಂದು ಸೆಂಟಿಮೀಟರ್ ಗಿಡ್ಡವಾಯಿತು. ನಾಲ್ಕನೇ ಪಟ್ಟಿ ತರಲು ಮತ್ತೆ ಅಂಗಡಿಗೆ ಹೋದೆ. ಊರಿನ ಬಡಗಿ ಇದನ್ನು ಕೇಳಿದ್ದರೆ ಒಂದು ವಾರ ನಗುತ್ತಿದ್ದ.

ಚೌಕಟ್ಟು ಕೂಡಿಸಿ ಸ್ಕ್ರೂ ಹಾಕಿದೆ. ಮೊಳೆ ಬೇಡ, ಮುಂದೆ ಬಿಚ್ಚಬೇಕಾಗಬಹುದು ಅನ್ನುವ ಬುದ್ಧಿ ಅಷ್ಟಾದರೂ ಇತ್ತು. ಐದು ಕಡೆ ಕಿಟಕಿಯ ನೊಣದ ಜಾಲರಿ ಎಳೆದು ಸ್ಟೇಪಲ್ ಹೊಡೆದೆ. ಮುಂದೆ ಬಾಗಿಲು, ಎರಡು ಕೀಲು, ಒಂದು ಚಿಲಕ. ಒಳಗೆ ಅಡ್ಡಲಾಗಿ ನಾಲ್ಕು ಸ್ಟೀಲ್ ಕಡ್ಡಿ. ಹಿತ್ತಲಲ್ಲಿ ನೆರಳಿಗೆಂದು ಕಟ್ಟಿದ ರಾಮಾಡಾ ಇದೆ, ಊರಿನ ಚಪ್ಪರದ ಹಾಗೆ. ಅದರ ತೊಲೆಗೆ ಹಗ್ಗ ಹಾಕಿ ಪೆಟ್ಟಿಗೆಯನ್ನು ನೇತು ಬಿಟ್ಟೆ. ಬೆಕ್ಕು ಹಾರಿದರೂ ಎಟುಕಬಾರದು ಅನ್ನುವಷ್ಟು ಎತ್ತರ.

ಮೊದಲ ಮಾಂಸ

ಮೆಕ್ಸಿಕನ್ ಮಾಂಸದಂಗಡಿಗೆ ಹೋಗಿ ತೊಡೆಯ ಭಾಗದ ಮಾಂಸ ಒಂದು ಕೆಜಿ ತಂದೆ. ಕೊಬ್ಬು ಇರಬಾರದು. ಮಾಂಸ ಒಣಗುತ್ತದೆ, ಕೊಬ್ಬು ಒಣಗುವುದಿಲ್ಲ, ಅದು ಕಮಟು ಹಿಡಿಯುತ್ತದೆ. ಅಂಗಡಿಯವರೇ ತೆಳ್ಳಗೆ ಕೊಯ್ದು ಕೊಡುತ್ತೇನೆ ಅಂದರು. ಬೇಡ, ನಾನೇ ಕೊಯ್ಯುತ್ತೇನೆ ಅಂದೆ. ಸುಮ್ನೆ ಹೂಂ ಅಂದಿದ್ದರೆ ಆಗಿತ್ತು.

ನಾನು ಕೊಯ್ದದ್ದು ಒಂದು ಸೆಂಟಿಮೀಟರ್ ದಪ್ಪ. ಉಪ್ಪು, ನಿಂಬೆರಸ, ಜಜ್ಜಿದ ಬೆಳ್ಳುಳ್ಳಿ ಹಚ್ಚಿ ರಾತ್ರಿ ಫ್ರಿಜ್ಜಿನಲ್ಲಿಟ್ಟೆ. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಪೆಟ್ಟಿಗೆಯನ್ನು ನೆರಳಿನಿಂದ ಇಳಿಸಿ ನಡು ಬಿಸಿಲಿಗೆ ಇಟ್ಟೆ. ಹೊರಗೆ 37 ಡಿಗ್ರಿ. ಗಾಳಿಯ ತೇವ ನೂರಕ್ಕೆ ಹನ್ನೆರಡು. ಮಾಂಸದ ಸೀಳುಗಳನ್ನು ಕಡ್ಡಿಯ ಮೇಲೆ ಪಂಚೆ ಒಣಹಾಕಿದ ಹಾಗೆ ಮಡಚಿ ಹಾಕಿದೆ.

ಮಧ್ಯಾಹ್ನ ಎರಡಕ್ಕೇ ಹೊರಮೈ ಕಪ್ಪಗಾಗಿ ಬೆರಳಿಗೆ ಗಟ್ಟಿಯಾಗಿ ಸಿಕ್ಕಿತು. ಖುಷಿಯಾಯಿತು. ಸಂಜೆ ಹೊತ್ತಿಗೆ ಚಪ್ಪಲಿ ಅಟ್ಟೆಯ ಹಾಗಾಗಿತ್ತು. ರಾತ್ರಿ ಹಾಗೇ ಬಿಟ್ಟೆ. ಬೆಳಿಗ್ಗೆ ಬಾಗಿಲು ತೆರೆದರೆ ಹುಳಿ ವಾಸನೆ. ಒಂದು ಸೀಳನ್ನು ಕೊಯ್ದು ನೋಡಿದೆ. ಹೊರಗೆ ಎರಡು ಮಿಲಿಮೀಟರ್ ಕಲ್ಲು, ಒಳಗೆ ಕೆಂಪಗೆ ಒದ್ದೆ. ಕಡ್ಡಿಯ ಮೇಲೆ ಮಡಿಕೆ ಬಿದ್ದ ಜಾಗ ಅಂಟಂಟು. ಸಾಲದ್ದಕ್ಕೆ ಸಂಜೆ ಮತ್ತೆ ನೇತು ಹಾಕಿದ್ದ ಹಗ್ಗದ ಮೇಲೆ ಇರುವೆ ಸಾಲು.

ಆಗಿದ್ದೇನು ಅಂದರೆ, ಹೊರಮೈ ಬೇಗ ಒಣಗಿ ಬಾಗಿಲು ಹಾಕಿಕೊಂಡಿತು. ಒಳಗಿನ ನೀರು ಹೊರಗೆ ಬರಲು ದಾರಿ ಇಲ್ಲ. ಒಣಗುವುದು ಅಂದರೆ ಎರಡು ಕೆಲಸ. ಒಳಗಿನ ನೀರು ಮೇಲ್ಮೈಗೆ ಬರಬೇಕು, ಮೇಲ್ಮೈ ನೀರನ್ನು ಗಾಳಿ ಎತ್ತಿಕೊಂಡು ಹೋಗಬೇಕು. ಎರಡನೆಯದು ಮೊದಲನೆಯದಕ್ಕಿಂತ ತೀರಾ ಜೋರಾದರೆ ಮೇಲೆ ಚಿಪ್ಪು ಕಟ್ಟುತ್ತದೆ. ಸೀಳು ದಪ್ಪ ಇದ್ದಷ್ಟೂ ನೀರಿಗೆ ದಾರಿ ದೂರ. ಬಿಸಿಲಿಗೆ ಇಟ್ಟರೆ ಒಣಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಅಜ್ಜಿ ಯಾಕೆ ಸೂರಿನ ಕೆಳಗೆ, ನೆರಳಲ್ಲಿ ಹಗ್ಗ ಕಟ್ಟುತ್ತಿದ್ದಳು ಅಂತ ಕಸದ ಡಬ್ಬಿಯ ಮುಂದೆ ನಿಂತಾಗ ಹೊಳೆಯಿತು.

ಭಾನುವಾರ ಅಮ್ಮನಿಗೆ ಫೋನ್ ಮಾಡಿದೆ. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆ ಮಾತೇ ಇಲ್ಲ. ಆಮೇಲೆ, "ಅಷ್ಟು ದೂರ ಓದಕ್ಕೆ ಹೋಗಿ ಕೊರಬಾಡು ಒಣಗಾಕ್ತಿದ್ದೀಯೇನೋ?" ಅಂದಳು. ಬೈದಳೋ ನಕ್ಕಳೋ ಗೊತ್ತಾಗಲಿಲ್ಲ. ಫೋನ್ ಇಡುವ ಮುಂಚೆ ಮಾತ್ರ, "ಎಲೆ ಥರ ತೆಳ್ಳಗೆ ಸೀಳಬೇಕು ಕಣೋ, ಬೆಳಕು ಕಾಣಬೇಕು" ಅಂತ ಸೇರಿಸಿದಳು.

ಪೆಟ್ಟಿಗೆ, ಎರಡನೇ ಸಲ

ಗಾಳಿ ನಂಬಿಕೊಂಡರೆ ಆಗುವುದಿಲ್ಲ, ಬೇಕಾದಾಗ ಬೀಸುವುದಿಲ್ಲ ಅಂತ ಫ್ಯಾನ್ ಹಾಕಲು ತೀರ್ಮಾನ ಮಾಡಿದೆ. ಹಳೆ ಕಂಪ್ಯೂಟರ್‌ನಿಂದ ಕಿತ್ತ 120 ಮಿಲಿಮೀಟರ್ ಫ್ಯಾನ್ ಇತ್ತು, 12 ವೋಲ್ಟಿನದು. ಕೆಟ್ಟುಹೋದ ವೈಫೈ ರೂಟರ್‌ನ ಅಡಾಪ್ಟರ್ ಕೂಡ 12 ವೋಲ್ಟ್. ಪಿನ್ ಕತ್ತರಿಸಿ, ತಂತಿ ಸುಲಿದು, ಸುತ್ತಿ, ಟೇಪ್ ಹಾಕಿ ಸ್ವಿಚ್ ಒತ್ತಿದೆ. ಫ್ಯಾನ್ ಅಲ್ಲಾಡಲಿಲ್ಲ. ಫ್ಯಾನ್ ಸತ್ತಿದೆ ಅಂದುಕೊಂಡು ಅರ್ಧ ಗಂಟೆ ಇನ್ನೊಂದನ್ನು ಹುಡುಕಿದೆ. ಕೊನೆಗೆ ಮಲ್ಟಿಮೀಟರ್ ಇಟ್ಟು ನೋಡಿದರೆ ಪ್ಲಸ್ ಮೈನಸ್ ಅದಲು ಬದಲು. ಅಡಾಪ್ಟರ್‌ನ ಎರಡು ತಂತಿಯೂ ಕಪ್ಪೇ. ಒಂದರ ಮೇಲೆ ತೆಳ್ಳಗೆ ಬಿಳಿ ಗೆರೆ ಇತ್ತು, ನಾನು ನೋಡಿಯೇ ಇರಲಿಲ್ಲ.

ಫ್ಯಾನ್ ತಿರುಗಿತು. ಪೆಟ್ಟಿಗೆಯ ಎಡಗಡೆ ಜಾಲರಿಗೆ ಒಂದು ಹಲಗೆ ಹಾಕಿ, ತೂತು ಕೊರೆದು, ಗಾಳಿ ಹೊರಗೆ ಎಳೆಯುವ ಹಾಗೆ ಕೂರಿಸಿದೆ. ಕೈ ಹಿಡಿದರೆ ಹೊರಗೆ ಗಾಳಿ ಚೆನ್ನಾಗಿ ಬರುತ್ತಿತ್ತು. ಆದರೆ ಒಳಗೆ ಏನಾಗುತ್ತಿದೆ? ಒಂದು ಊದುಬತ್ತಿ ಹಚ್ಚಿ ಪೆಟ್ಟಿಗೆಯೊಳಗೆ ಅಲ್ಲಲ್ಲಿ ಹಿಡಿದೆ. ಫ್ಯಾನ್ ಹತ್ತಿರ ಹೊಗೆ ಸರ್ರನೆ ಹೊರಗೆ ಹೋಗುತ್ತದೆ. ನಡುವಿನಲ್ಲಿ ಹಿಡಿದರೆ ನೆಟ್ಟಗೆ ಮೇಲೇಳುತ್ತದೆ, ಪೂಜೆ ಮನೆಯಲ್ಲಿ ಇದ್ದ ಹಾಗೆ. ಬಲಗಡೆ ಮೂಲೆಯಲ್ಲಂತೂ ಫ್ಯಾನ್ ಇದೆ ಅಂತಲೇ ಗೊತ್ತಾಗದು.

ಕಾರಣ ಸರಳ. ಸುತ್ತಲೂ ಜಾಲರಿ. ಫ್ಯಾನಿಗೆ ಗಾಳಿ ಬೇಕಾದರೆ ಪಕ್ಕದ ಜಾಲರಿಯಿಂದಲೇ ಎಳೆದುಕೊಳ್ಳುತ್ತದೆ, ಅಷ್ಟು ದೂರ ಮಾಂಸದ ನಡುವೆ ಹಾದು ಬರುವ ಕಷ್ಟ ಅದಕ್ಕೆ ಯಾಕೆ? ಮೇಲೆ, ಕೆಳಗೆ, ಹಿಂದೆ, ಬಾಗಿಲಿಗೆ, ಎಲ್ಲ ಕಡೆ ತೆಳು ಪ್ಲೈವುಡ್ ಹೊಡೆದೆ. ಬಲಗಡೆ ಮಾತ್ರ ಜಾಲರಿ ಉಳಿಸಿದೆ. ಈಗ ಗಾಳಿ ಬಲದಿಂದ ಒಳಗೆ ಬಂದು, ಸೀಳುಗಳ ನಡುವೆ ನುಸುಳಿ, ಎಡದಿಂದ ಹೊರಗೆ ಹೋಗಲೇಬೇಕು. ಮತ್ತೆ ಊದುಬತ್ತಿ. ಹೊಗೆ ನಡುವಿನಲ್ಲಿ ಹಿಡಿದರೂ ಅಡ್ಡಡ್ಡ ಓಡಿತು. ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟ ಗಳಿಗೆ ಇದೇ, ಮಾಂಸ ತಿಂದದ್ದೂ ಅಲ್ಲ.

ಕಡ್ಡಿಯ ಮೇಲೆ ಮಡಚುವುದನ್ನೂ ಬಿಟ್ಟೆ. ಸೀಳಿನ ಒಂದು ತುದಿಗೆ ಬಿದಿರು ಕಡ್ಡಿ ಚುಚ್ಚಿ, ಆ ಕಡ್ಡಿಯನ್ನು ಎರಡು ಸ್ಟೀಲ್ ಕಡ್ಡಿಗಳ ಮೇಲೆ ಅಡ್ಡ ಇಟ್ಟೆ. ಒಂದಕ್ಕೊಂದು ತಾಗಬಾರದು, ನಡುವೆ ಎರಡು ಬೆರಳು ಹೋಗಬೇಕು.

ಇರುವೆಗೆ ಮನೆಯ ಉಪಾಯವೇ ಆಯಿತು. ಹಗ್ಗ ತೆಗೆದು, ಪೆಟ್ಟಿಗೆಯನ್ನು ರಾಮಾಡಾ ನೆರಳಲ್ಲಿ ಒಂದು ಸ್ಟೂಲಿನ ಮೇಲಿಟ್ಟು, ಸ್ಟೂಲಿನ ನಾಲ್ಕು ಕಾಲನ್ನೂ ನೀರಿನ ಬಟ್ಟಲಲ್ಲಿ ಇಳಿಸಿದೆ. ಊರಲ್ಲಿ ಅಡುಗೆಮನೆ ಗೂಡಿಗೆ ಹೀಗೇ ಮಾಡುತ್ತಿದ್ದರು. ಆದರೆ ಊರಲ್ಲಿ ಬಟ್ಟಲಿನ ನೀರು ಎರಡು ಮೂರು ದಿನ ಬರುತ್ತಿತ್ತು. ಇಲ್ಲಿ ಸಂಜೆ ಹೊತ್ತಿಗೆ ತಳ ಕಾಣುತ್ತದೆ. ನೀರಿನ ಮೇಲೆ ಒಂದು ಚಮಚ ಅಡುಗೆ ಎಣ್ಣೆ ತೇಲಿಬಿಟ್ಟ ಮೇಲೆ ನಿಂತಿತು.

ಎರಡನೇ ಮಾಂಸ

ಈ ಸಲ ಮಾಂಸವನ್ನು ಒಂದೂಕಾಲು ಗಂಟೆ ಫ್ರೀಜರಿನಲ್ಲಿಟ್ಟೆ. ಪೂರ್ತಿ ಹೆಪ್ಪುಗಟ್ಟಬಾರದು, ಒತ್ತಿದರೆ ಸ್ವಲ್ಪ ತಗ್ಗಬೇಕು. ಆಗ ಚಾಕು ಜಾರುವುದಿಲ್ಲ. ನಾಲ್ಕು ಮಿಲಿಮೀಟರ್ ದಪ್ಪಕ್ಕೆ, ಎಳೆಯ ಉದ್ದಕ್ಕೇ ಕೊಯ್ದೆ. ಇದು ಮುಖ್ಯ. ಸಾರಿಗೆ ನಾವು ಎಳೆಗೆ ಅಡ್ಡ ಕೊಯ್ಯುತ್ತೇವೆ, ಮೆತ್ತಗಾಗಲಿ ಅಂತ. ಇಲ್ಲಿ ಆಮೇಲೆ ಉದ್ದ ಎಳೆ ಬಿಡಿಸಬೇಕು, ಅಡ್ಡ ಕೊಯ್ದರೆ ಕುಟ್ಟುವಾಗ ಚೂರಾಗುತ್ತದೆ. ಒಂದು ಸೀಳನ್ನು ಎತ್ತಿ ಕಿಟಕಿಗೆ ಹಿಡಿದೆ. ಬೆಳಕು ಕಂಡಿತು.

ತೂಕ ಬರೆದಿಟ್ಟಿದ್ದೇನೆ. ಶುರುವಿಗೆ 1000 ಗ್ರಾಂ. ಮೂರು ಗಂಟೆ ಕಳೆದಾಗ 790. ಆರು ಗಂಟೆಗೆ 640. ಹತ್ತು ಗಂಟೆಗೆ 520. ರಾತ್ರಿ ಫ್ರಿಜ್ಜಿನಲ್ಲಿ ಮುಚ್ಚದೆ ಇಟ್ಟೆ. ಹೊರಗೆ ಬಿಡುವ ಧೈರ್ಯ ಇರಲಿಲ್ಲ. ಮರುದಿನ ಮತ್ತೆ ಪೆಟ್ಟಿಗೆಯಲ್ಲಿಟ್ಟು ಆರು ಗಂಟೆ ಕಳೆದಾಗ 410, ಸಂಜೆಗೆ 380. ಅಲ್ಲಿಗೆ ನಿಂತಿತು. ಬಗ್ಗಿಸಿದರೆ ಬಿರುಕು ಬಿಡುತ್ತದೆ, ಆದರೆ ಎರಡು ತುಂಡಾಗುವುದಿಲ್ಲ. ಆ ಹದ ಸಾಕು.

ಒಂದು ಮಾತು ಇಲ್ಲಿ ಹೇಳಲೇಬೇಕು. ಅಮೆರಿಕದ ಕೃಷಿ ಇಲಾಖೆ ಹೀಗೆ ಮಾಡಿ ಅನ್ನುವುದಿಲ್ಲ. ಅವರ ಪ್ರಕಾರ ಮಾಂಸವನ್ನು ಮೊದಲು 71 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಬೇಕು, ಆಮೇಲೆ 54ರಿಂದ 60 ಡಿಗ್ರಿಯಲ್ಲಿ ಒಣಗಿಸಬೇಕು. ಯಾಕೆ ಮೊದಲೇ ಅಂದರೆ, ಒಣಗಿದ ಮೇಲೆ ಬ್ಯಾಕ್ಟೀರಿಯಾ ಬಿಸಿಯನ್ನು ಜಾಸ್ತಿ ತಡೆದುಕೊಳ್ಳುತ್ತದೆ. ಹಸಿಯಾಗಿದ್ದಾಗ ಸಾಯುವಷ್ಟು ಸುಲಭವಾಗಿ ಆಮೇಲೆ ಸಾಯುವುದಿಲ್ಲ. ನಾನು ಮಾಡಿದ್ದು ಹಳೆ ದಾರಿ, ಜೊತೆಗೆ ಒಣಗಿದ ಮೇಲೆ ಓವನ್ನಿನಲ್ಲಿ 135 ಡಿಗ್ರಿಗೆ ಹತ್ತು ನಿಮಿಷ. ಫ್ರಿಜ್ಜಿನಲ್ಲೇ ಇಡುತ್ತೇನೆ, ತಿನ್ನುವ ಮುಂಚೆ ಮತ್ತೆ ಹುರಿಯುತ್ತೇನೆ. ಮನೆಯಲ್ಲಿ ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರು ಇದ್ದರೆ ಪೆಟ್ಟಿಗೆಯ ಆಸೆ ಬಿಟ್ಟು ಇಲಾಖೆಯ ದಾರಿಯಲ್ಲೇ ಓವನ್ನಿನಲ್ಲಿ ಮಾಡಿ. ಇನ್ನು ಬೆಂಗಳೂರು, ಮಂಗಳೂರಿನ ಗಾಳಿಯಲ್ಲಿ ಈ ಲೆಕ್ಕ ನಡೆಯುವುದೇ ಇಲ್ಲ. ಇದೆಲ್ಲ ಮರುಭೂಮಿಯ ಮೇ ತಿಂಗಳಿಗೆ ಮಾತ್ರ.

ಕುಟ್ಟುವ ಸರದಿ. ಸೋಮಾರಿತನಕ್ಕೆ ಮೊದಲ ಹಿಡಿಯನ್ನು ಮಿಕ್ಸಿಗೆ ಹಾಕಿದೆ. ಐದು ಸೆಕೆಂಡಿಗೆ ಚಟ್ನಿಪುಡಿ. ಮಿಕ್ಸಿ ಬ್ಲೇಡು ಕತ್ತರಿಸುತ್ತದೆ, ನಮಗೆ ಬೇಕಿರುವುದು ಕತ್ತರಿಸುವುದಲ್ಲ, ಎಳೆ ಎಳೆ ಬೇರೆ ಮಾಡುವುದು. ಉಳಿದದ್ದನ್ನು ಕಬ್ಬಿಣದ ಕಾವಲಿಯ ಮೇಲೆ ಒಂದೊಂದು ಬದಿ ಅರ್ಧ ನಿಮಿಷ ಬಿಸಿ ಮಾಡಿ, ಕುಟ್ಟಾಣಿಗೆ ಹಾಕಿ ಜಜ್ಜಿದೆ. ಬಿಸಿಯಾದಾಗ ಸ್ವಲ್ಪ ಮೆದುವಾಗುತ್ತದೆ, ಕಲ್ಲು ಬಿದ್ದರೆ ಎಳೆ ಸಡಿಲುತ್ತದೆ. ಆಮೇಲೆ ಕೈಯಲ್ಲಿ ಹಿಂಜಬೇಕು, ಹತ್ತಿ ಹಿಂಜಿದ ಹಾಗೆ. 380 ಗ್ರಾಂ ಹಿಂಜಲು ಒಂದು ಗಂಟೆ ಮೇಲಾಯಿತು. ಒಂದು ದೊಡ್ಡ ಪಾತ್ರೆ ತುಂಬಿತು. ನೋಡಲು ಕಂದು ಬಣ್ಣದ ಹತ್ತಿ.

ಅಡುಗೆ ಮಾಡಿ ಬಾಯಿಗಿಟ್ಟರೆ ಸಮುದ್ರ. ಇಲ್ಲಿ ತಪ್ಪು ಲೆಕ್ಕದ್ದು. ಹಸಿ ಮಾಂಸಕ್ಕೆ ನೂರಕ್ಕೆ ಮೂರರಂತೆ 30 ಗ್ರಾಂ ಉಪ್ಪು ಹಾಕಿದ್ದೆ. ನೀರು ಆರಿತು, ಉಪ್ಪು ಎಲ್ಲಿಗೆ ಹೋಗುತ್ತದೆ? 380 ಗ್ರಾಮಿಗೆ 30 ಅಂದರೆ ನೂರಕ್ಕೆ ಹತ್ತಿರ ಹತ್ತಿರ ಎಂಟು. ಅದರ ಮೇಲೆ ನಾಲ್ಕು ಮೊಟ್ಟೆಗೆ ನೂರು ಗ್ರಾಂ ಮಚಾಕಾ ಸುರಿದಿದ್ದೆ. ಕೈ ರೂಢಿಗೆ ಮೊಟ್ಟೆಗೂ ಬೇರೆ ಉಪ್ಪು ಹಾಕಿದ್ದೆ. ಹೆಂಡತಿ ಒಂದು ತುತ್ತು ತಿಂದು ಎರಡು ಲೋಟ ನೀರು ಕುಡಿದಳು, ಏನೂ ಹೇಳಲಿಲ್ಲ. ಉಳಿದ ಮಚಾಕಾವನ್ನು ಬಿಸಿನೀರಿನಲ್ಲಿ ನೆನೆಸಿ ಹಿಂಡಿ ಬೇಳೆಗೆ ಹಾಕಿ ಮುಗಿಸಿದೆವು. ಬೇಳೆ ಮಾತ್ರ ಬಹಳ ರುಚಿಯಾಗಿತ್ತು.

ಮೂರನೆಯದು

ಪಕ್ಕದ ಮನೆಯ ಅಜ್ಜಿ ಸೊನೋರಾದ ಎರ್ಮೊಸಿಯೋ ಕಡೆಯವರು. ನಾನು ಸೆನ್ಯೋರಾ ಅನ್ನುತ್ತೇನೆ, ಅವರು ನನ್ನನ್ನು ಮಿಹೋ ಅನ್ನುತ್ತಾರೆ, ಮಗನೇ ಅಂತ. ಬೇಲಿಯ ಆ ಕಡೆಯಿಂದ ಮೂರು ವಾರ ನನ್ನ ಮರಗೆಲಸ ನೋಡುತ್ತಿದ್ದವರು ಕೊನೆಗೆ ಒಂದು ದಿನ ಕೇಳಿಯೇಬಿಟ್ಟರು, ಅದು ಏನು, ಮೊಲದ ಗೂಡಾ? ಹೇಳಿದೆ. ಮುಖ ಅರಳಿತು. ಅವರ ತಾಯಿ ತಂತಿಯ ಮೇಲೆ ಒಣಗಿಸುತ್ತಿದ್ದರಂತೆ, ಪೆಟ್ಟಿಗೆ ಗಿಟ್ಟಿಗೆ ಏನೂ ಇಲ್ಲ. ಉಪ್ಪಿನ ಕಥೆ ಹೇಳಿದ್ದಕ್ಕೆ ಜೋರಾಗಿ ನಕ್ಕು, ಉಪ್ಪನ್ನು ಬಾಯಿಗೆ ಹಾಕಬೇಡ, ಮಾಂಸಕ್ಕೆ ಹಾಕು ಅಂದರು. ಆ ಮಾತಿನ ಅರ್ಥ ನನಗೆ ಇನ್ನೂ ಪೂರ್ತಿ ಆಗಿಲ್ಲ.

ಈ ಸಲ ಒಂದೂವರೆ ಕೆಜಿ ಮಾಂಸ, ನೂರಕ್ಕೆ ಎರಡರಂತೆ 30 ಗ್ರಾಂ ಉಪ್ಪು, ಎರಡು ನಿಂಬೆ, ಆರು ಎಸಳು ಬೆಳ್ಳುಳ್ಳಿ, ಕಾಳುಮೆಣಸು. ಅರಿಶಿನ ಹಾಕಬೇಕು ಅಂತ ಕೈ ತುರಿಸಿತು, ಹಾಕಲಿಲ್ಲ. ಅದು ಬೇರೆ ಅಡುಗೆ. ಕೊಯ್ಯುವ ಕೆಲಸ ಅಂಗಡಿಯವರಿಗೇ ಬಿಟ್ಟೆ. ಪಾರಾ ಕಾರ್ನೆ ಸೆಕಾ ಅಂದೆ, ಬೇರೇನೂ ಕೇಳದೆ ಯಂತ್ರಕ್ಕೆ ಕೊಟ್ಟು ಕಾಗದದ ಹಾಗೆ ಸೀಳಿ ಕೊಟ್ಟರು. ಎರಡು ದಿನಕ್ಕೆ 560 ಗ್ರಾಂ ಆಯಿತು. ಓವನ್, ಕಾವಲಿ, ಕುಟ್ಟಾಣಿ, ಹಿಂಜುವುದು, ಎಲ್ಲ ಹಿಂದಿನ ಹಾಗೇ.

ಇಬ್ಬರಿಗೆ ಮಾಡಿದ ಬಗೆ ಬರೆಯುತ್ತೇನೆ. ದಪ್ಪ ತಳದ ಬಾಣಲೆಗೆ ಎರಡು ಚಮಚ ಎಣ್ಣೆ. ಇಲ್ಲಿನವರು ಹಂದಿ ಕೊಬ್ಬು ಹಾಕುತ್ತಾರೆ, ರುಚಿ ಅದರದ್ದೇ ಜಾಸ್ತಿ. ಎಣ್ಣೆ ಕಾದ ಮೇಲೆ 60 ಗ್ರಾಂ ಮಚಾಕಾ, ಅಂದರೆ ಎರಡು ಸಡಿಲ ಹಿಡಿ. ಮೊದಲು ಮಾಂಸವೇ ಬೀಳಬೇಕು, ಈರುಳ್ಳಿ ಅಲ್ಲ. ನಾನು ಎರಡನೇ ಸಲ ಈರುಳ್ಳಿ ಮೊದಲು ಹಾಕಿ ಕೆಟ್ಟೆ. ಅದರ ನೀರಿಗೆ ಮಾಂಸ ಬೆಂದ ನಾರಿನ ಹಾಗಾಯಿತು. ಮಾಂಸ ಒಂಟಿಯಾಗಿ ಎಣ್ಣೆಯಲ್ಲಿ ಎರಡು ನಿಮಿಷ ಹುರಿದರೆ ತುದಿಗಳು ಗರಿಗರಿಯಾಗುತ್ತವೆ, ಮನೆ ತುಂಬ ವಾಸನೆ ಏಳುತ್ತದೆ. ಆಮೇಲೆ ಅರ್ಧ ಈರುಳ್ಳಿ, ಸುಟ್ಟು ಸಿಪ್ಪೆ ಸುಲಿದ ಉದ್ದ ಹಸಿರು ಮೆಣಸಿನಕಾಯಿ ಒಂದು, ಕೊನೆಗೆ ಒಂದು ಟೊಮೆಟೊ. ಟೊಮೆಟೊ ನೀರನ್ನು ಮಾಂಸ ಕುಡಿಯುತ್ತದೆ, ಹೊರಗೆ ಗರಿ, ಒಳಗೆ ಮೆದು. ಬಾಣಲೆ ತಳದಲ್ಲಿ ನೀರು ಕಾಣದಾದಾಗ ಉರಿ ಇಳಿಸಿ ನಾಲ್ಕು ಮೊಟ್ಟೆ. ಉಪ್ಪು ಹಾಕಬೇಡಿ, ಕೈಯನ್ನು ಹಿಂದೆ ಕಟ್ಟಿಕೊಳ್ಳಿ. ದೊಡ್ಡ ದೊಡ್ಡ ಮಡಿಕೆಯಾಗಿ ಮಗುಚಿ, ಮೊಟ್ಟೆ ಇನ್ನೂ ಸ್ವಲ್ಪ ಹೊಳೆಯುವಾಗಲೇ ಇಳಿಸಿ. ನಮ್ಮ ಎಗ್ ಬುರ್ಜಿಯ ಹಾಗೆ ಪುಡಿಪುಡಿ ಒಣಗಿಸಿದರೆ ಮಾಂಸವೂ ಒಣ, ಮೊಟ್ಟೆಯೂ ಒಣ, ಗಂಟಲಲ್ಲಿ ನಿಲ್ಲುತ್ತದೆ.

ಟೊರ್ಟಿಯಾ ನಾನು ಮಾಡಲಿಲ್ಲ. ಸೊನೋರಾದ್ದು ರುಮಾಲಿ ರೊಟ್ಟಿಗಿಂತ ದೊಡ್ಡದು, ಆ ಕಡೆಯ ಬೆಳಕು ಈ ಕಡೆ ಕಾಣುವಷ್ಟು ತೆಳು. ಅದನ್ನು ಕೈಯಲ್ಲಿ ಬೀಸಿ ಅಗಲ ಮಾಡುವುದು ಹುಟ್ಟಿನಿಂದ ಬರಬೇಕು. ಕೊಂಡು ತಂದೆ.

ಸೆನ್ಯೋರಾರನ್ನು ಕರೆದೆವು. ಬರುವಾಗ ಸೆರಗಿನ ಗಂಟಿನಂಥ ಸಣ್ಣ ಬಟ್ಟೆಗಂಟು ತಂದಿದ್ದರು. ಬಿಚ್ಚಿದರೆ ಚಿಲ್ಟೆಪೀನ್. ಕಾಳುಮೆಣಸಿಗಿಂತ ಸ್ವಲ್ಪ ದಪ್ಪ, ಕೆಂಪಗೆ ದುಂಡಗೆ ಇರುವ ಕಾಡು ಮೆಣಸು. ಗಡಿಯ ಎರಡೂ ಕಡೆ ಬೆಟ್ಟದ ಮರಗಳ ನೆರಳಲ್ಲಿ ತಾನಾಗಿ ಬೆಳೆಯುತ್ತದೆ. ಟೂಸಾನ್‌ಗೆ ದಕ್ಷಿಣದ ಟುಮಾಕಾಕೊರಿ ಬೆಟ್ಟದಲ್ಲಿ ಅದಕ್ಕೆಂದೇ ಕಾಡಿನ ಒಂದು ಭಾಗವನ್ನು 1999ರಲ್ಲಿ ಕಾಯ್ದಿಟ್ಟಿದ್ದಾರೆ. ಮಲೆನಾಡಿನ ಜೀರಿಗೆ ಮೆಣಸಿನ ಹಾಗೆ, ಖಾರ ಥಟ್ಟನೆ ಹೊಡೆಯುತ್ತದೆ, ಆದರೆ ಬೇಗ ಬಿಟ್ಟು ಹೋಗುತ್ತದೆ. ಮೂರು ಕಾಳನ್ನು ಬೆರಳಲ್ಲಿ ಪುಡಿ ಮಾಡಿ ತಟ್ಟೆಯ ಮೇಲೆ ಉದುರಿಸಿದರು. ಹಾಗೇ ಕಣ್ಣುಜ್ಜಿಕೊಳ್ಳಬೇಡ ಅಂತ ನನಗೆ ಎಚ್ಚರಿಕೆ.

ಪೂರ್ತಿ ಬುರ್ರೋ ತಿಂದು ಮುಗಿಸಿ ಬಾಯಿ ಒರೆಸಿಕೊಂಡು, ಎಳೆ ಇನ್ನೂ ಸಣ್ಣಗಾಗಬೇಕು, ಜಾಸ್ತಿ ಕುಟ್ಟು ಅಂದರು. ಮತ್ತೆ ಡಬ್ಬಿ ಎಲ್ಲಿ ಅಂತ ಕೇಳಿದರು. ನಾನು ಇನ್ನೂರು ಗ್ರಾಂ ಹಾಕಿಕೊಟ್ಟೆ. ಚಿಲ್ಟೆಪೀನ್ ಗಂಟನ್ನು ನಮ್ಮ ಮೇಜಿನ ಮೇಲೆ ಬಿಟ್ಟು ಹೋದರು.

ಜುಲೈ ಮೊದಲ ವಾರಕ್ಕೆ ಇಲ್ಲಿ ಮಳೆಗಾಲ ಬಂತು. ಇಲ್ಲಿಯವರೂ ಅದಕ್ಕೆ ಮಾನ್ಸೂನ್ ಅಂತಲೇ ಅನ್ನುತ್ತಾರೆ. ಸಂಜೆ ಗುಡುಗು, ಧೂಳು, ಅರ್ಧ ಗಂಟೆ ಮಳೆ. ಪೆಟ್ಟಿಗೆಯೊಳಗಿನ ಮೀಟರ್ ತೇವ ನೂರಕ್ಕೆ 48 ತೋರಿಸಿತು. ಫ್ಯಾನ್ ಬಿಚ್ಚಿ, ಕಡ್ಡಿಗಳನ್ನು ಬಿಸಿನೀರಲ್ಲಿ ಉಜ್ಜಿ, ಜಾಲರಿಗೆ ನಿಂಬೆಸಿಪ್ಪೆ ತಿಕ್ಕಿ ಗ್ಯಾರೇಜಿಗೆ ಸೇರಿಸಿದೆ. ವಾಸನೆ ಪೂರ್ತಿ ಹೋಗಿಲ್ಲ. ಮಳೆ ಮುಗಿದ ಮೇಲೆ ಅಕ್ಕಿ ಸಂಡಿಗೆ ಒಣಗಿಸಲು ಅದನ್ನೇ ತಗೋ ಅಂದರೆ ಹೆಂಡತಿ ಒಪ್ಪುತ್ತಿಲ್ಲ, ಬೇರೆಯದೇ ಬೇಕಂತೆ. ನಾಲ್ಕು ಪಟ್ಟಿ ಮರ ಬರೆದುಕೊಂಡಿದ್ದೇನೆ, ಮೂರಲ್ಲ.